ಬಾಕಿ ಇಟ್ಟ ಸಂಬಳ: ಮಾಲೀಕರು, ನೌಕರರು ಮತ್ತು ನಿಷ್ಠೆಯ ಲೆಕ್ಕ

(ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2025ರ ಜುಲೈ ತಿಂಗಳ ಕೊನೆಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ (ಟಿಸಿಎಸ್) ಸಂಸ್ಥೆಯು ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು ಮಂದಿಯನ್ನು, ಅಂದರೆ 12,000ಕ್ಕೂ ಹೆಚ್ಚು ಜನರನ್ನು, ಆ ಹಣಕಾಸು ವರ್ಷದಲ್ಲಿ ಕೆಲಸದಿಂದ ಬಿಡುಗಡೆ ಮಾಡುವುದಾಗಿ ತಿಳಿಸಿತು. ಆಗ ಆರು ಲಕ್ಷಕ್ಕೂ ಮಿಕ್ಕಿದ ನೌಕರರಿದ್ದ ಸಂಸ್ಥೆಗೆ ಇದು ದೊಡ್ಡ ಪ್ರಮಾಣವಲ್ಲ. ಅಷ್ಟು ಜನ ತಾವಾಗಿಯೇ ಬಿಟ್ಟುಹೋಗಲು ಬಹಳ ಕಾಲ ಬೇಕಾಗುವುದಿಲ್ಲ. ಆದರೂ ಈ ಸುದ್ದಿ ನಮ್ಮ ಮನೆಗಳಲ್ಲಿ ಉಂಟುಮಾಡಿದ ದಿಗಿಲು ಅದಕ್ಕಿಂತ ದೊಡ್ಡ ಕಡಿತಗಳೂ ಮಾಡಿರಲಿಲ್ಲ. ಟಾಟಾ ಕಂಪನಿಯ ಕೆಲಸವೆಂದರೆ ಸರ್ಕಾರಿ ನೌಕರಿಗಿಂತ ಒಂದೇ ಮೆಟ್ಟಿಲು ಕೆಳಗಿನದು ಎಂದು ನಂಬಿ ಮಕ್ಕಳಿಗೆ ಹೆಣ್ಣು ಗಂಡು ನೋಡಿದ ತಂದೆತಾಯಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಜೊತೆಗೆ ಈ ಕಡಿತ ಮುಖ್ಯವಾಗಿ ತಗುಲುವುದು ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂದು ಸಂಸ್ಥೆಯೇ ಹೇಳಿತ್ತು. ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ನಿಂತವರ ಹೆಸರೇ ಪಟ್ಟಿಯಲ್ಲಿ ಮೊದಲು ಬರಬಹುದು ಎಂಬುದು ಆ ದಿಗಿಲಿನ ಮೂಲ. ಇಂದಿನ ಉಪನ್ಯಾಸದ ವಿಷಯವೂ ಅದೇ.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ದೂರುಗಳು ಎದುರುಬದುರಾಗಿ ಕೇಳಿಬರುತ್ತವೆ. ಈಗಿನ ಹುಡುಗರಿಗೆ ನಿಷ್ಠೆಯಿಲ್ಲ, ಶೇ 30ರಷ್ಟು ಹೈಕ್ ಸಿಕ್ಕರೆ ಎರಡನೆಯ ವರ್ಷಕ್ಕೇ ಜಿಗಿಯುತ್ತಾರೆ ಎಂದು ಆಡಳಿತದವರು ಹೇಳುತ್ತಾರೆ. ಕಂಪನಿಗಳಿಗೆ ಕರುಣೆಯಿಲ್ಲ, ಬೆಳಿಗ್ಗೆ ಲಾಗಿನ್ ಆಗಲು ಹೋದರೆ ಖಾತೆಯೇ ಮುಚ್ಚಿರುತ್ತದೆ ಎಂದು ನೌಕರರು ಹೇಳುತ್ತಾರೆ. ಎರಡು ದೂರುಗಳೂ ನಿಷ್ಠೆಯನ್ನು ಮನುಷ್ಯರ ಸ್ವಭಾವದ ಪ್ರಶ್ನೆಯೆಂದು ತಿಳಿದಿವೆ: ಹಿಂದಿನವರು ಒಳ್ಳೆಯವರಾಗಿದ್ದರು, ಇಂದಿನವರು ಕೆಟ್ಟರು ಎಂಬ ಧಾಟಿ. ನನಗೆ ಈ ಧಾಟಿಯಲ್ಲಿ ನಂಬಿಕೆಯಿಲ್ಲ. ಕೆಲಸದ ಜಾಗದಲ್ಲಿನ ನಿಷ್ಠೆಯು ಬಹುಮಟ್ಟಿಗೆ ಸಂಬಳವನ್ನು ಕೊಡುವ ಒಂದು ವಿಧಾನವಾಗಿತ್ತು. ಸಂಬಳದ ಒಂದು ಪಾಲನ್ನು ಮಾಲೀಕ ಬಾಕಿ ಇಟ್ಟುಕೊಳ್ಳುತ್ತಿದ್ದ. ಅದು ಮುಂದೆ ಸಿಕ್ಕೇ ಸಿಗುತ್ತದೆಂದು ನೌಕರ ನಂಬಿ ಉಳಿಯುತ್ತಿದ್ದ. ಆ ಬಾಕಿ ತೀರಿಸುವ ಏರ್ಪಾಡು ಮುರಿದಮೇಲೆ ನಿಷ್ಠೆ ಮಾತ್ರ ಉಳಿಯಬೇಕೆಂದು ಕೇಳುವುದು ನ್ಯಾಯವಲ್ಲ. ಇದನ್ನು ಬೆಂಗಳೂರಿನ ಉದಾಹರಣೆಗಳಿಂದಲೇ ವಿವರಿಸಲು ಪ್ರಯತ್ನಿಸುತ್ತೇನೆ.

ಈ ನಗರವನ್ನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕಟ್ಟಿದ್ದು ಸಾರ್ವಜನಿಕ ವಲಯದ ಕಾರ್ಖಾನೆಗಳು. 1940ರಲ್ಲಿ ಖಾಸಗಿ ಉದ್ಯಮವಾಗಿ ಶುರುವಾಗಿ ಬಳಿಕ ಸರ್ಕಾರದ ಕೈಗೆ ಬಂದ ಎಚ್‌ಎಎಲ್, 1948ರ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1953ರ ಎಚ್‌ಎಂಟಿ, 1954ರ ಬಿಇಎಲ್, 1964ರ ಬಿಇಎಂಎಲ್ ಇವು ನಗರದ ಅಂಚಿನಲ್ಲಿ ತಮ್ಮದೇ ಊರುಗಳನ್ನು ಕಟ್ಟಿಕೊಂಡವು. ದೂರವಾಣಿನಗರ ಎಂಬ ಹೆಸರೇ ಐಟಿಐ ಕೊಟ್ಟ ಕೊಡುಗೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ತುಮಕೂರಿಗೂ 1978ರಲ್ಲಿ ಅದರ ಒಂದು ಘಟಕ ಬಂತು. ಸೂಕ್ಷ್ಮ ಬಿಡಿಭಾಗಗಳ ಜೋಡಣೆಯ ವಿಭಾಗದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಕ್ವಾರ್ಟರ್ಸ್, ಕಾರ್ಖಾನೆಯ ಬಸ್ಸು, ರಿಯಾಯಿತಿ ದರದ ಕ್ಯಾಂಟೀನು, ಆಸ್ಪತ್ರೆ, ಮಕ್ಕಳ ಶಾಲೆ, ರಾಜ್ಯೋತ್ಸವ ಮಾಡುವ ಕನ್ನಡ ಸಂಘ, ಕೋ–ಆಪರೇಟಿವ್ ಸೊಸೈಟಿಯ ಸಾಲ, ಆ ಸಾಲದಲ್ಲಿ ಕೊಂಡ ಸೈಟು ಇವೆಲ್ಲವೂ ಕೆಲಸದ ಬೆನ್ನಿಗೇ ಬರುತ್ತಿದ್ದವು. ಇವತ್ತು ಇಲ್ಲಿ ಮುಂದಿನ ಸಾಲುಗಳಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರಾದರೂ ಆ ಬಸ್ಸುಗಳಲ್ಲಿ ಓಡಾಡಿದವರು ಎಂದು ಊಹಿಸುತ್ತೇನೆ.

ಆ ಕಾಲದಲ್ಲಿ ಸಂಬಳ ಕೊಡುತ್ತಿದ್ದ ಕ್ರಮವನ್ನು ಗಮನಿಸಬೇಕು. ಕೈಗಾರಿಕಾ ತರಬೇತಿ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದುದು ಅಲ್ಪ ಮೊತ್ತ. ವರ್ಷಕ್ಕೊಂದು ಇನ್‌ಕ್ರಿಮೆಂಟು, ತುಟ್ಟಿಭತ್ಯೆ, ಹಿರಿತನದ ಮೇಲೆ ಬಡ್ತಿ ಹೀಗೆ ಅದು ಏರುತ್ತ ಹೋಗಿ, ಐವತ್ತರ ವಯಸ್ಸಿನಲ್ಲಿ ಅವನ ಸಂಬಳ ಅದೇ ಯಂತ್ರದ ಮುಂದೆ ಅಷ್ಟೇ ಕೆಲಸ ಮಾಡುವ ಇಪ್ಪತ್ತೈದರ ಹುಡುಗನ ಸಂಬಳಕ್ಕಿಂತ ಎಷ್ಟೋ ಹೆಚ್ಚಾಗಿರುತ್ತಿತ್ತು. ಇದನ್ನು ನೋಡಿ ಮುದುಕರನ್ನು ಸಾಕುವ ವ್ಯವಸ್ಥೆ ಎಂದು ನಗುವವರಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 1979ರಲ್ಲಿ ಇದಕ್ಕೆ ಬೇರೊಂದು ವಿವರಣೆ ಕೊಟ್ಟರು. ನೌಕರನಿಗೆ ಅವನ ದುಡಿಮೆಯ ಬೆಲೆಗಿಂತ ಯೌವನದಲ್ಲಿ ಕಡಿಮೆ, ಇಳಿವಯಸ್ಸಿನಲ್ಲಿ ಹೆಚ್ಚು ಕೊಡುವುದು ಮಾಲೀಕನಿಗೇ ಅನುಕೂಲ. ಮುಂದೆ ಸಿಗಲಿರುವುದನ್ನು ಕಳೆದುಕೊಳ್ಳಬಾರದೆಂದು ನೌಕರ ಮನಸ್ಸಿಟ್ಟು ದುಡಿಯುತ್ತಾನೆ, ಬಿಟ್ಟು ಹೋಗುವುದಿಲ್ಲ, ಕಲಿತ ಕೌಶಲವನ್ನು ಇನ್ನೊಬ್ಬರ ಅಂಗಳಕ್ಕೆ ಒಯ್ಯುವುದಿಲ್ಲ ಎಂಬುದು ಅವರ ವಾದದ ತಿರುಳು. ಹಾಗೆ ನೋಡಿದರೆ ಐವತ್ತರ ನೌಕರನ ಹೆಚ್ಚಿನ ಸಂಬಳದಲ್ಲಿ ಒಂದು ಭಾಗ ಅವನು ಇಪ್ಪತ್ತೈದರಲ್ಲೇ ದುಡಿದಿಟ್ಟದ್ದು.

ನಮ್ಮ ಕಾನೂನುಗಳೂ ಈ ಕ್ರಮವನ್ನೇ ಒಪ್ಪಿಕೊಂಡು ರೂಪುಗೊಂಡವು. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತ ಸೇವೆ ಸಲ್ಲಿಸಿದವರಿಗೆ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನವನ್ನು, ತಿಂಗಳಿಗೆ 26 ದಿನ ಎಂಬ ಲೆಕ್ಕದಲ್ಲಿ, ಕೊಡಬೇಕಿತ್ತು. ಮೂವತ್ತು ವರ್ಷ ದುಡಿದವನಿಗೆ ಕೊನೆಯ ಸಂಬಳದ ಲೆಕ್ಕದಲ್ಲಿ ಹದಿನೇಳು ತಿಂಗಳಿಗೂ ಮೀರಿದ ಮೊತ್ತ ಬರುತ್ತಿತ್ತು. ಮೂರು ವರ್ಷಕ್ಕೆ ಬಿಟ್ಟವನಿಗೆ ಬರುತ್ತಿದ್ದುದು ಶೂನ್ಯ. 1947ರ ಕೈಗಾರಿಕಾ ವಿವಾದ ಕಾಯ್ದೆಯು ಜನರನ್ನು ಕಡಿಮೆ ಮಾಡಲೇಬೇಕಾದಾಗ ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬ ನಿಯಮವನ್ನಿಟ್ಟಿತು. ಹಿರಿಯರ ಮೇಲಿನ ಗೌರವಕ್ಕಾಗಿ ಮಾತ್ರ ಈ ನಿಯಮ ಬಂತೆಂದು ನನಗೆ ಅನ್ನಿಸುವುದಿಲ್ಲ. ಹೆಚ್ಚು ಬಾಕಿ ಬರಬೇಕಾದವರ ಬಾಕಿಯನ್ನು ಅದು ಕಾಪಾಡುತ್ತಿತ್ತು.

ಆ ಕಾಲವನ್ನು ಹಾಡಿಹೊಗಳುವ ಉದ್ದೇಶ ನನಗಿಲ್ಲ. ಅದೇ ಕಾರ್ಖಾನೆಗಳ ಕ್ಯಾಂಟೀನಿನಲ್ಲಿ, ತೋಟದಲ್ಲಿ, ಶೌಚಾಲಯಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿದವರಿಗೆ ಈ ಯಾವ ಭದ್ರತೆಯೂ ಇರಲಿಲ್ಲ. ಕಾಯಂ ಆದವರ ನಡುವೆಯೂ ಕೆಲಸಗಳ್ಳತನ ಇತ್ತು, ಶಿಫಾರಸಿನ ನೇಮಕವಿತ್ತು. ನಿಷ್ಠೆಯೆಂದರೆ ವಿಧೇಯತೆ ಎಂಬ ಭ್ರಮೆಯೂ ಬೇಡ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ, ಬಿಎಚ್‌ಇಎಲ್‌ಗೆ ಸಮನಾದ ವೇತನ ಬೇಕೆಂದು, ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಮಿಕರು ನಡೆಸಿದ 77 ದಿನಗಳ ಮುಷ್ಕರ ಈ ರಾಜ್ಯದ ಕಾರ್ಮಿಕ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಮನೆಗಳಲ್ಲಿ ಒಡವೆ ಅಡವಿಟ್ಟು, ಅಂಗಡಿಯಲ್ಲಿ ಉದ್ದರಿ ಬೆಳೆಸಿ ಎರಡೂವರೆ ತಿಂಗಳು ಕಳೆದ ಆ ಕಾರ್ಮಿಕರು ಮತ್ತೆ ಅದೇ ಗೇಟಿನೊಳಗೆ ಹೋಗಿ ನಿವೃತ್ತಿಯಾಗುವವರೆಗೂ ಅಲ್ಲೇ ದುಡಿದರು. ಬಿಟ್ಟುಹೋಗುವ ಯೋಚನೆ ಇಲ್ಲದವರು ಮಾತ್ರ ಹಾಗೆ ಜಗಳ ಮಾಡಬಲ್ಲರು. ಇಂದಿನ ಎಂಜಿನಿಯರು ಅಸಮಾಧಾನವಾದಾಗ ಮುಷ್ಕರ ಹೂಡುವುದಿಲ್ಲ, ಪ್ರೊಫೈಲ್ ಅಪ್‌ಡೇಟ್ ಮಾಡುತ್ತಾನೆ. ಅದನ್ನು ಶಾಂತಿಯೆಂದು ಆಡಳಿತದವರು ತಿಳಿದಿದ್ದರೆ ಅದು ಅವರ ಭ್ರಮೆ.

ಈ ಏರ್ಪಾಡು ಮುರಿದದ್ದು ಒಂದೇ ದಿನದಲ್ಲಿ ಅಲ್ಲ. ಕೇಂದ್ರದ ಸಾರ್ವಜನಿಕ ಉದ್ಯಮಗಳಿಗೆ ಸ್ವಯಂ ನಿವೃತ್ತಿ ಯೋಜನೆ, ಅಂದರೆ ವಿಆರ್‌ಎಸ್, 1988ರಲ್ಲೇ ಬಂದಿತ್ತು. 1991ರ ಹೊಸ ಆರ್ಥಿಕ ನೀತಿಯ ನಂತರ ಅದು ಮನೆಮಾತಾಯಿತು. ಒಂದೊಂದು ಕಾರ್ಖಾನೆಯಲ್ಲೂ ಎರಡು ಮೂರು ಸುತ್ತು ವಿಆರ್‌ಎಸ್ ಬಂತು. ಎನ್‌ಜಿಇಎಫ್, ಮೈಸೂರು ಲ್ಯಾಂಪ್ಸ್, ಹರಿಹರದ ಮೈಸೂರು ಕಿರ್ಲೋಸ್ಕರ್ ಇವು ಒಂದರ ಹಿಂದೆ ಒಂದು ಸ್ತಬ್ಧವಾದವು. ಕೋಲಾರದ ಚಿನ್ನದ ಗಣಿಗಳನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಮೂರು ನಾಲ್ಕು ತಲೆಮಾರು ಅಲ್ಲಿ ದುಡಿದ ಕುಟುಂಬಗಳ ಮಕ್ಕಳು ಇವತ್ತಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಸೆಕ್ಯೂರಿಟಿ ಕೆಲಸಕ್ಕೆ, ಕಾಲ್‌ಸೆಂಟರಿಗೆ ಬರುತ್ತಿದ್ದಾರೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ, ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯನ್ನು ಕಾಲ್ಪನಿಕವಾಗಿ ಅನ್ವಯಿಸಿ ಪರಿಹಾರ ಕೊಡುವುದೆಂದು ತೀರ್ಮಾನವಾಯಿತು. ಅಂದರೆ 2016ರವರೆಗೂ ಅವರು ಅದಕ್ಕಿಂತ ಹಿಂದಿನ ಶ್ರೇಣಿಯಲ್ಲೇ ದುಡಿಯುತ್ತಿದ್ದರು. ತಿಂಗಳು ತಿಂಗಳು ಕಂತು ಕಟ್ಟಿದವನಿಗೆ ಚೀಟಿ ಎತ್ತುವ ಸರದಿ ಬರುವ ಹೊತ್ತಿಗೆ ಚೀಟಿ ನಡೆಸುವವನು ಬಾಗಿಲು ಹಾಕಿದಂತಾಯಿತು ಅವರ ಪಾಡು. ನಷ್ಟದ ಕಾರ್ಖಾನೆಯನ್ನು ಮುಚ್ಚಬಾರದಿತ್ತೇ ಎಂಬುದು ಬೇರೆ ಚರ್ಚೆ. ಮುಚ್ಚುವುದು ಅನಿವಾರ್ಯವೆಂದೇ ಇಟ್ಟುಕೊಂಡರೂ, ಅದನ್ನು ನೋಡುತ್ತ ಬೆಳೆದ ಮಕ್ಕಳು ಏನು ಕಲಿತರು ಎಂಬುದು ನನ್ನ ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಗಳಿಗೆ ಮೊದಲು ಸೇರಿದ ತಲೆಮಾರಿನಲ್ಲಿ ಅಪ್ಪನ ವಿಆರ್‌ಎಸ್ ಹಣದಲ್ಲಿ ಎಂಜಿನಿಯರಿಂಗ್ ಓದಿದವರು ಅನೇಕರಿದ್ದರು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು, ಏಕೆಂದರೆ ನಮ್ಮ ಐಟಿ ಉದ್ಯಮ ಅಲ್ಲಿಂದ ಗ್ರಾಹಕರನ್ನು ಮಾತ್ರವಲ್ಲದೆ ಆಡಳಿತದ ರೀತಿಯನ್ನೂ ತಂದುಕೊಂಡಿತು. ಐಬಿಎಂ ದಶಕಗಳ ಕಾಲ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ನೀತಿಗೆ ಹೆಸರಾದ ಕಂಪನಿ. ಬೇಡಿಕೆ ಕುಸಿದರೆ ಜನರಿಗೆ ಬೇರೆ ಕೆಲಸ ಕಲಿಸುತ್ತಿತ್ತು, ಬೇರೆ ಊರಿಗೆ ಕಳಿಸುತ್ತಿತ್ತು, ಮನೆಗೆ ಮಾತ್ರ ಕಳಿಸುತ್ತಿರಲಿಲ್ಲ. 1980ರ ದಶಕದ ಮಧ್ಯದಲ್ಲಿ ನಾಲ್ಕು ಲಕ್ಷದಷ್ಟಿದ್ದ ಅದರ ಸಿಬ್ಬಂದಿ, ಲೂ ಗರ್ಸ್ಟ್‌ನರ್ 1993ರಲ್ಲಿ ಚುಕ್ಕಾಣಿ ಹಿಡಿದ ನಂತರದ ಕಡಿತಗಳೂ ಸೇರಿ, 1994ರ ವೇಳೆಗೆ ಸುಮಾರು ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ ಇಳಿಯಿತು. ಐಬಿಎಂ ಆಗ ನಿಜಕ್ಕೂ ನಷ್ಟದಲ್ಲಿತ್ತು ಎಂಬ ಸಮಾಧಾನವನ್ನಾದರೂ ಹೇಳಬಹುದು. ಜನರಲ್ ಎಲೆಕ್ಟ್ರಿಕ್ ಹಾಗಿರಲಿಲ್ಲ. 1981ರಲ್ಲಿ ಅದರ ಮುಖ್ಯಸ್ಥರಾದ ಜಾಕ್ ವೆಲ್ಚ್, ಕಂಪನಿ ಲಾಭದಲ್ಲಿದ್ದಾಗಲೇ, ಐದು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹುದ್ದೆಗಳನ್ನು ಇಲ್ಲವಾಗಿಸಿದರು. ಪ್ರತಿವರ್ಷ ಕೆಳಗಿನ ಶೇ 10 ಮಂದಿಯನ್ನು ಗುರುತಿಸಿ ಹೊರಗೆ ಕಳಿಸಬೇಕೆಂಬ ಪದ್ಧತಿಗೂ ಅವರ ಹೆಸರೇ ಅಂಟಿಕೊಂಡಿದೆ. ಬೆಲ್ ಕರ್ವ್ ಎಂಬ ಹೆಸರಿನಲ್ಲಿ ಅದು ನಮ್ಮ ಎಲೆಕ್ಟ್ರಾನಿಕ್ಸ್ ಸಿಟಿಗೂ ವೈಟ್‌ಫೀಲ್ಡಿಗೂ ಬಂತು. ಇಲ್ಲಿರುವ ಯುವಕ ಯುವತಿಯರಿಗೆ ಅದರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಕಡಿತದಿಂದ ಬರುವ ಲಾಭ ಎಲ್ಲಿಂದ ಬರುತ್ತದೆ? ದಕ್ಷತೆ ಹೆಚ್ಚುವುದರಿಂದ ಎಂಬುದು ಸಾಮಾನ್ಯ ಉತ್ತರ. 1988ರಲ್ಲಿ ಆಂಡ್ರೆ ಶ್ಲೈಫರ್ ಮತ್ತು ಲಾರೆನ್ಸ್ ಸಮರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪ್ರಶ್ನಿಸಿದರು. ಕಂಪನಿಗಳನ್ನು ಬಲವಂತವಾಗಿ ಕೊಂಡುಕೊಂಡಾಗ ಷೇರುದಾರರಿಗೆ ಸಿಗುವ ಲಾಭದಲ್ಲಿ ಒಂದು ಪಾಲು ಹೊಸದಾಗಿ ಸೃಷ್ಟಿಯಾದದ್ದಲ್ಲ, ನೌಕರರಿಗೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನು ಮುರಿದು ಅವರ ಕೈಯಿಂದ ಕಿತ್ತುಕೊಂಡದ್ದು ಎಂದು ಅವರು ವಾದಿಸಿದರು. ಬರೆದಿಟ್ಟ ಕರಾರಾಗಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಿತ್ತು. ನಂಬಿಕೆಯ ಮೇಲೆ ನಿಂತ ಕರಾರನ್ನು ಹೊಸ ಮಾಲೀಕ ತಾನು ಮಾಡಿಯೇ ಇರಲಿಲ್ಲವಲ್ಲ. ಅವರಿಬ್ಬರೂ ಎಡಪಂಥೀಯರಲ್ಲ. ಸಮರ್ಸ್ ಮುಂದೆ ಅಮೆರಿಕದ ಖಜಾನೆಯ ಮುಖ್ಯಸ್ಥರಾದವರು. ಅಂಥವರು ಹೇಳಿದ ಈ ಮಾತು ಎಂಬಿಎ ತರಗತಿಗಳಲ್ಲಿ ಹೆಚ್ಚು ಕೇಳಿಬಾರದಿರುವುದು ನನಗೆ ಯಾವಾಗಲೂ ಸೋಜಿಗವೆನಿಸಿದೆ.

ಇತ್ತೀಚಿನ ಅಮೆರಿಕದ ಕಡಿತಗಳನ್ನು ಇದೇ ಬೆಳಕಿನಲ್ಲಿ ನೋಡಬಹುದು. ಮೆಟಾ 2022ರ ನವೆಂಬರಿನಲ್ಲಿ 11,000 ಜನರನ್ನು ತೆಗೆಯಿತು. ಮೂರು ತಿಂಗಳು ಕಳೆಯುವ ಮೊದಲೇ ತನ್ನ ಷೇರುಗಳನ್ನು ತಾನೇ ಮರಳಿ ಕೊಳ್ಳಲು ಇನ್ನೂ 40 ಬಿಲಿಯನ್ ಡಾಲರ್ ತೆಗೆದಿಟ್ಟಿತು. ಗೂಗಲ್ 2023ರ ಜನವರಿಯಲ್ಲಿ 12,000 ಜನರನ್ನು ತೆಗೆದಾಗ ವರ್ಷಾನುಗಟ್ಟಲೆ ದುಡಿದವರಿಗೂ ಸುದ್ದಿ ತಿಳಿದದ್ದು ಇಮೇಲ್ ಮೂಲಕ. ಎಚ್–1ಬಿ ವೀಸಾದಲ್ಲಿರುವ ನಮ್ಮವರಿಗಂತೂ ಕೆಲಸ ಹೋದ ಮೇಲೆ ಬೇರೆ ಕೆಲಸ ಹುಡುಕಲು ಇರುವುದು 60 ದಿನ. ಮನೆಯ ಸಾಲ, ಮಕ್ಕಳ ಶಾಲೆ, ವರ್ಷಗಟ್ಟಲೆ ಕಾಯುತ್ತಿರುವ ಗ್ರೀನ್ ಕಾರ್ಡಿನ ಅರ್ಜಿ ಎಲ್ಲವನ್ನೂ ಅಷ್ಟರೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು. ಸನಿವೇಲಿನಲ್ಲೋ ಡಲ್ಲಾಸಿನಲ್ಲೋ ನೆಲೆಸಿದ ಎಷ್ಟು ಕನ್ನಡದ ಮನೆಗಳಲ್ಲಿ ಆ ಚಳಿಗಾಲದಲ್ಲಿ ಈ ದಿನಗಣನೆ ನಡೆಯಿತು ಎಂಬುದು ಇಲ್ಲಿರುವ ತಂದೆತಾಯಿಯರಿಗೆ ಗೊತ್ತಿದೆ.

ಇನ್ನು ನಮ್ಮ ಐಟಿ ಕಂಪನಿಗಳು. ಅವು ಶುರುವಾದಾಗ ಬಾಕಿ ಇಡುವ ಹಳೆಯ ಕ್ರಮವನ್ನು ಬೇರೊಂದು ರೂಪದಲ್ಲಿ ಮುಂದುವರಿಸಿದವು ಎಂಬುದನ್ನು ಒಪ್ಪಬೇಕು. ಇನ್ಫೊಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಕೊಟ್ಟದ್ದು, ಆನ್‌ಸೈಟ್ ಅವಕಾಶದ ಸರದಿ, ವರ್ಷವರ್ಷದ ಬಡ್ತಿ ಇವೆಲ್ಲ ಉಳಿದವರಿಗೆ ಸಿಗುತ್ತಿದ್ದ ಫಲಗಳು. ಉದ್ಯಮ ವರ್ಷಕ್ಕೆ ಶೇ 30 ಬೆಳೆಯುತ್ತಿದ್ದಾಗ ಆ ಭರವಸೆ ಪಾಲಿಸುವುದು ಸುಲಭವಾಗಿತ್ತು. ಬೆಳವಣಿಗೆ ನಿಧಾನವಾದಂತೆ ಸಂಬಳದ ಚೀಟಿಯ ಸ್ವರೂಪವೇ ಬದಲಾಯಿತು. ಈಗ ಆಫರ್ ಲೆಟರಿನಲ್ಲಿ ಬರುವುದು ಸಿಟಿಸಿ, ಅಂದರೆ ನೌಕರನ ಮೇಲೆ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮಾಲೀಕನ ಪಾಲಿನ ಪಿಎಫ್, ಐದು ವರ್ಷ ನಿಂತರೆ ಮಾತ್ರ ಸಿಗುವ ಗ್ರಾಚ್ಯುಟಿ, ವಿಮೆಯ ಕಂತು, ಸಿಗಬಹುದಾದ ವೇರಿಯಬಲ್ ಪೇ ಎಲ್ಲವನ್ನೂ ಕೂಡಿಸಿ ಇಷ್ಟು ಲಕ್ಷ ಎಂದು ಬರೆಯುತ್ತಾರೆ. ಮುಂದೆ ಕೊಡಬೇಕಾದದ್ದನ್ನೂ ಇವತ್ತೇ ಕೊಟ್ಟಂತೆ ತೋರಿಸುವ ಈ ಲೆಕ್ಕದಲ್ಲಿ ಉಳಿಯುವುದರಿಂದ ಬರುವ ಲಾಭ ಹೆಚ್ಚೇನೂ ಕಾಣುವುದಿಲ್ಲ. ದೊಡ್ಡ ಸೇವಾ ಕಂಪನಿಗಳಲ್ಲಿ ಫ್ರೆಷರುಗಳ ಸಂಬಳ ಹತ್ತು ಹದಿನೈದು ವರ್ಷಗಳಿಂದ ಮೂರು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕುಳಿತಿದೆ. ಅದೇ ಕಂಪನಿಯಲ್ಲಿ ಉಳಿದವರಿಗೆ ಶೇ 6 ಅಥವಾ 8, ಹೊರಗಿನಿಂದ ಬಂದವರಿಗೆ ಶೇ 30 ಎಂಬುದು ರೂಢಿಯಾಗಿದೆ. ಹೀಗಿರುವಾಗ ಜಿಗಿಯುವವನು ಕಂಪನಿಯೇ ಬರೆದ ನಿಯಮವನ್ನು ಓದಿಕೊಂಡವನು. 2022ರ ಜೂನ್ ತ್ರೈಮಾಸಿಕದ ಹೊತ್ತಿಗೆ ಇನ್ಫೊಸಿಸ್‌ನಲ್ಲಿ ತಾವಾಗಿ ಬಿಟ್ಟುಹೋದವರ ಪ್ರಮಾಣ ವಾರ್ಷಿಕ ಶೇ 28.4 ತಲುಪಿದ್ದು ಆ ಪಾಠದ ಫಲ.

ಹುಡುಗರೇನು ಸಾಧುಗಳಲ್ಲ. ಮೂರು ಆಫರ್ ಲೆಟರ್ ಕೈಯಲ್ಲಿಟ್ಟುಕೊಂಡು ಸೇರುವ ದಿನ ಫೋನ್ ಆಫ್ ಮಾಡಿದವರಿದ್ದಾರೆ. ಒಂದೇ ಹೊತ್ತಿನಲ್ಲಿ ಎರಡು ಕಂಪನಿಗಳ ಲ್ಯಾಪ್‌ಟಾಪ್ ತೆರೆದಿಟ್ಟು ದುಡಿದವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ವಿಪ್ರೊ ಇಂಥ ಕಾರಣಕ್ಕೆ 300 ಜನರನ್ನು ತೆಗೆಯಿತು. ಆ ಸಂಸ್ಥೆಯ ಅಧ್ಯಕ್ಷ ರಿಷದ್ ಪ್ರೇಮ್‌ಜಿಯವರು ಇದನ್ನು ನೇರ ವಂಚನೆ ಎಂದೇ ಕರೆದಿದ್ದರು. ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಸಿಟ್ಟು ಸಹಜ. ಆದರೆ ಅದಾಗಿ ಐದು ತಿಂಗಳಿಗೆ, 2023ರ ಫೆಬ್ರುವರಿಯಲ್ಲಿ, ವರ್ಷಕ್ಕೆ 6.5 ಲಕ್ಷದ ಆಫರ್ ಪಡೆದು ತರಬೇತಿ ಮುಗಿಸಿ ಕಾದು ಕುಳಿತಿದ್ದ ಫ್ರೆಷರುಗಳಿಗೆ, 3.5 ಲಕ್ಷಕ್ಕೆ ಒಪ್ಪಿದರೆ ಬೇಗ ಕೆಲಸ ಕೊಡುತ್ತೇವೆ ಎಂದು ಪತ್ರ ಬರೆದದ್ದೂ ಅದೇ ಸಂಸ್ಥೆ. ಇನ್ಫೊಸಿಸ್ 2022ರಲ್ಲಿ ಆಯ್ಕೆ ಮಾಡಿದ ಹಲವರನ್ನು ಎರಡು ವರ್ಷ ಕಾಯಿಸಿ 2024ರಲ್ಲಿ ಸೇರಿಸಿಕೊಂಡಿತು. 2025ರ ಫೆಬ್ರುವರಿಯಲ್ಲಿ ಮೈಸೂರಿನ ಆವರಣದಿಂದ, ಮೌಲ್ಯಮಾಪನ ಪರೀಕ್ಷೆಯಲ್ಲಿ ಮೂರು ಸಲ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ, 300ಕ್ಕೂ ಹೆಚ್ಚು ತರಬೇತಿಯವರನ್ನು ಹೊರಗೆ ಕಳಿಸಿತು. ನೇಮಕ ಪತ್ರದ ಷರತ್ತಿನಲ್ಲಿ ಇದೆಲ್ಲ ಬರೆದಿದೆ ಎಂಬುದು ಕಂಪನಿಯ ವಾದ. ಕಾರ್ಮಿಕ ಇಲಾಖೆಯವರು ಬಂದು ವಿಚಾರಿಸಿಯೂ ಹೋದರು. ಷರತ್ತಿನ ಮಾತು ನಿಜವೇ ಇರಬಹುದು. ಎರಡು ವರ್ಷ ಬೇರೆಲ್ಲೂ ಸೇರದೆ ಕಾದದ್ದಕ್ಕೆ ಯಾವ ಷರತ್ತಿನಲ್ಲೂ ಬೆಲೆ ಬರೆದಿರಲಿಲ್ಲ, ಅಷ್ಟೆ.

ಹೀಗೆ ಭರವಸೆ ಸಡಿಲವಾದಂತೆಲ್ಲ ಕಟ್ಟುಪಾಡು ಬಿಗಿಯಾಗುತ್ತ ಬಂದಿರುವುದು ವಿಚಿತ್ರವಾದರೂ ಅರ್ಥವಾಗುವಂಥದ್ದು. ಮೊದಲು ಸಂಬಳದ ಬಾಕಿಯೇ ನೌಕರನನ್ನು ಉಳಿಸಿಕೊಳ್ಳುತ್ತಿತ್ತು. ಅದಿಲ್ಲವಾದ ಮೇಲೆ ತೊಂಬತ್ತು ದಿನದ ನೋಟಿಸ್ ಪೀರಿಯಡ್, ತರಬೇತಿ ಬಾಂಡ್, ರಿಲೀವಿಂಗ್ ಲೆಟರ್, ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುವ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಇವು ಆ ಜಾಗಕ್ಕೆ ಬಂದವು. ನೌಕರ ಹೋಗುವುದಾದರೆ ಮೂರು ತಿಂಗಳು ಕಾಯಬೇಕು. ಕಂಪನಿ ಕಳಿಸುವುದಾದರೆ ನೋಟಿಸಿನ ಅವಧಿಯ ಹಣ ಕೊಟ್ಟು ಮಧ್ಯಾಹ್ನದೊಳಗೆ ಕಳಿಸಬಹುದು. ಯೋಜನೆಯಿಲ್ಲದೆ ಬೆಂಚಿನಲ್ಲಿ ಕೂರಬಹುದಾದ ಅವಧಿಯನ್ನು ಟಿಸಿಎಸ್ 2025ರ ಜೂನ್‌ನಲ್ಲಿ ವರ್ಷಕ್ಕೆ 35 ದಿನಕ್ಕೆ ಇಳಿಸಿತು. ಕೆಲಸ ತಂದುಕೊಡುವ ಹೊಣೆ ಕಂಪನಿಯದೆಂದು ನಾವು ತಿಳಿದಿದ್ದೆವು, ಅದು ನೌಕರನ ಹೆಗಲಿಗೆ ಜಾರಿತು.

ಕಡಿತವೇ ಆಗಬಾರದು ಎಂಬುದು ನನ್ನ ವಾದವಲ್ಲ. ತಂತ್ರಜ್ಞಾನ ಬದಲಾಗುತ್ತದೆ, ಮಾರುಕಟ್ಟೆ ಬೀಳುತ್ತದೆ. ಬಾಕಿಯನ್ನು ತೀರಿಸಿ ಕಳಿಸಿದ ಉದಾಹರಣೆಗಳೂ ನಮ್ಮ ದೇಶದಲ್ಲೇ ಇವೆ. 1990ರ ದಶಕದಲ್ಲಿ ಜಮಶೇದ್‌ಪುರದ ಟಾಟಾ ಸ್ಟೀಲ್‌ನಲ್ಲಿ ಸುಮಾರು 78,000 ಜನರಿದ್ದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಮುಂಚಿತವಾಗಿ ಬಿಡಲು ಒಪ್ಪಿದವರಿಗೆ ಆ ಕಂಪನಿಯು ಇಡಿಗಂಟು ಕೊಟ್ಟು ಕೈತೊಳೆದುಕೊಳ್ಳುವ ಬದಲು, ನಿವೃತ್ತಿಯ ವಯಸ್ಸು ತುಂಬುವವರೆಗೂ ತಿಂಗಳು ತಿಂಗಳು ವೇತನ ಕೊಡುವ ಯೋಜನೆಯನ್ನು ತಂದಿತು. ಕಡಿತದ ಪ್ರಮಾಣದಲ್ಲಿ ಇದು ಜಾಕ್ ವೆಲ್ಚ್ ಮಾಡಿದ್ದಕ್ಕಿಂತ ಕಡಿಮೆಯದೇನಲ್ಲ. ಹೀಗಿದ್ದೂ ಆ ಊರಿನಲ್ಲಿ ಕಂಪನಿಯ ಹೆಸರು ಕೆಡಲಿಲ್ಲ, ಏಕೆಂದರೆ ಮುಂದೆ ಸಿಗಬೇಕಾದದ್ದು ಸಿಗುತ್ತದೆಂಬ ನಂಬಿಕೆ ಉಳಿಯಿತು.

ಈಗ ಕಾನೂನಿನ ಮಾತು. ಸ್ವಲ್ಪ ಒಣ ವಿಷಯವಾದರೂ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ, ಏಕೆಂದರೆ ಈ ಸಭೆಯಲ್ಲಿರುವ ಹಲವರಿಗೆ ಇದು ನಾಳೆಯೇ ಬೇಕಾಗಬಹುದು.

2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಮೊದಲು 100 ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು. ಈಗ 300 ಆಗಿದೆ. ಪತ್ರಿಕೆಗಳಲ್ಲಿ ಚರ್ಚೆಯೆಲ್ಲ ನಡೆದದ್ದು ಈ ಸಂಖ್ಯೆಯ ಸುತ್ತಲೇ. ಆದರೆ ಆ ನಿಯಮ ಅಂದೂ ಇಂದೂ ಇರುವುದು ಕಾರ್ಖಾನೆ, ಗಣಿ, ತೋಟಗಳಿಗೆ. ಸಾಫ್ಟ್‌ವೇರ್ ಕಚೇರಿಗೆ 30,000 ಜನರಿದ್ದರೂ ಅದು ತಾಗುವುದಿಲ್ಲ. ಕಚೇರಿಯವರಿಗೂ ಅನ್ವಯಿಸುವುದು ಉಳಿದ ನಿಯಮಗಳು: ಒಂದು ತಿಂಗಳ ನೋಟಿಸು ಅಥವಾ ಅದರ ವೇತನ, ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದ ಪರಿಹಾರ, ಕೊನೆಗೆ ಬಂದವರು ಮೊದಲು ಎಂಬ ಕ್ರಮ. ಈ ರಕ್ಷಣೆ ಕೆಲಸಗಾರ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ. ತಾಂತ್ರಿಕ ಕೆಲಸ ಆ ವ್ಯಾಖ್ಯೆಯೊಳಗೆ ಸೇರುತ್ತದೆ, ಆಡಳಿತದ ಕೆಲಸ ಸೇರುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದು ಬರೆದಿದೆಯೆಂದ ಮಾತ್ರಕ್ಕೆ ಯಾರೂ ಹೊರಗಾಗುವುದಿಲ್ಲ. ನ್ಯಾಯಾಲಯಗಳು ನೋಡುವುದು ಪದನಾಮವನ್ನಲ್ಲ, ದಿನನಿತ್ಯ ಮಾಡುವ ಕೆಲಸವನ್ನು. ಟಿಸಿಎಸ್‌ನ ಹಿಂದಿನ ಕಡಿತದ ಸಂದರ್ಭದಲ್ಲಿ, 2015ರ ಜನವರಿಯಲ್ಲಿ, ಗರ್ಭಿಣಿ ನೌಕರರೊಬ್ಬರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತ್ತು, ಕಂಪನಿ ಆ ನೋಟಿಸನ್ನು ಹಿಂತೆಗೆದುಕೊಂಡಿತು.

ಇಷ್ಟು ರಕ್ಷಣೆಯಿದ್ದೂ ಐಟಿಯಲ್ಲಿ ಇಂಥ ಮೊಕದ್ದಮೆಗಳು ವಿರಳ. ಅದಕ್ಕೆ ಕಾರಣ ರಾಜೀನಾಮೆ. ಎಚ್‌ಆರ್ ಕೋಣೆಯಲ್ಲಿ ನೌಕರನ ಮುಂದೆ ಎರಡು ದಾರಿ ಇಡುತ್ತಾರೆ. ನೀವಾಗಿ ರಾಜೀನಾಮೆ ಕೊಟ್ಟರೆ ಎರಡೋ ಮೂರೋ ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಒಪ್ಪದಿದ್ದರೆ ಟರ್ಮಿನೇಷನ್, ಮುಂದಿನ ಕಂಪನಿಯವರು ವಿಚಾರಿಸಿದಾಗ ಅದನ್ನೇ ಹೇಳುತ್ತೇವೆ. ಇಎಂಐ ಕಟ್ಟುವವನು ಯಾವುದನ್ನು ಆರಿಸುತ್ತಾನೆ ಎಂಬುದು ಸ್ಪಷ್ಟ. ಆ ಸಹಿ ಬಿದ್ದ ಗಳಿಗೆಯಲ್ಲಿ ಕಾನೂನಿನ ಕಣ್ಣಿಗೆ ಅಲ್ಲಿ ಕಡಿತವೇ ನಡೆದಿಲ್ಲ. ಪರಿಹಾರದ ಸೂತ್ರವಿಲ್ಲ, ಹಿರಿತನದ ಕ್ರಮವಿಲ್ಲ, ಸರ್ಕಾರಕ್ಕೆ ಮಾಹಿತಿ ಕೊಡಬೇಕಾಗಿಲ್ಲ. ಹತ್ತು ವರ್ಷ ಒಂದೇ ಕಡೆ ದುಡಿದವನು ತಾನಾಗಿಯೇ ಬಿಟ್ಟುಹೋದನೆಂದು ಕಡತ ಹೇಳುತ್ತದೆ, ನಿಷ್ಠೆಯಿಲ್ಲದ ನೌಕರರ ಅಂಕಿಅಂಶಕ್ಕೆ ಅವನ ಹೆಸರೂ ಸೇರುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ಹೆಚ್ಚಿನ ಪದರವಿದೆ. ಕೆಲಸದ ಷರತ್ತುಗಳನ್ನು ಪ್ರಮಾಣೀಕರಿಸಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಮತ್ತು ಐಟಿ ಆಧಾರಿತ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತಲೇ ಬಂದಿತು. 2024ರಲ್ಲೂ ಅದನ್ನು ಮತ್ತೆ ವಿಸ್ತರಿಸಿತು. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, ಕೆಐಟಿಯು, ಈ ವಿನಾಯಿತಿಯನ್ನು ವಿರೋಧಿಸುತ್ತಲೇ ಬಂದಿದೆ, ಅದರ ವಾದ ನನಗೆ ಸರಿಯೆನಿಸುತ್ತದೆ. ಆದರೆ ವಿನಾಯಿತಿಗೆ ಷರತ್ತುಗಳೂ ಇದ್ದವು. ಮಾಲೀಕರ ಮತ್ತು ನೌಕರರ ಕಡೆಯವರು ಸಮಾನ ಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಅಮಾನತು, ವಜಾ, ಹಿಂಬಡ್ತಿ ಯಾವುದೇ ಆದರೂ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಿಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಕಡೆಯಿಂದ ಯಾರಿದ್ದಾರೆ ಎಂದು ಇಲ್ಲಿರುವ ಐಟಿ ಮಿತ್ರರನ್ನು ಕೇಳಿದರೆ ಎಷ್ಟು ಕೈ ಏಳಬಹುದೋ ನನಗೆ ಅನುಮಾನ.

ನನ್ನ ಬೇಡಿಕೆ ಎರಡೇ. ನೌಕರನಿಗೆ ತೊಂಬತ್ತು ದಿನದ ನೋಟಿಸು ಕಡ್ಡಾಯವಾದರೆ, ಕಂಪನಿಯೂ ತೊಂಬತ್ತು ದಿನ ಮುಂಚೆ ತಿಳಿಸಬೇಕು ಅಥವಾ ಆ ಹಣವನ್ನು ಪರಿಹಾರದ ಮೊತ್ತದಲ್ಲಿ ಕಳೆಯದೆ ಬೇರೆಯಾಗಿ ಕೊಡಬೇಕು. ಎರಡನೆಯದಾಗಿ, ಒಂದೇ ತಿಂಗಳಲ್ಲಿ ಒಂದೇ ಕಂಪನಿಯಿಂದ ಇಂತಿಷ್ಟಕ್ಕಿಂತ ಹೆಚ್ಚು ರಾಜೀನಾಮೆಗಳು ಬಂದರೆ ಅದನ್ನು ಕಡಿತವೆಂದೇ ಭಾವಿಸಿ ಕಾರ್ಮಿಕ ಇಲಾಖೆ ಲೆಕ್ಕ ಕೇಳಬೇಕು, ಆ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಯಾವ ಕಂಪನಿ ಎಷ್ಟು ವರ್ಷ ದುಡಿದವರನ್ನು ಕಳಿಸಿತು ಎಂಬುದು ಕ್ಯಾಂಪಸ್ಸಿಗೆ ಅದು ಮತ್ತೆ ಬಂದಾಗ ಅಂತಿಮ ವರ್ಷದ ಹುಡುಗಿಗೂ ತಿಳಿದಿರಲಿ. ಕಂಪನಿ ಅವಳ ಹಿನ್ನೆಲೆ ವಿಚಾರಿಸುತ್ತದೆ. ಅವಳೂ ಕಂಪನಿಯ ಹಿನ್ನೆಲೆ ವಿಚಾರಿಸುವಂತಿರಬೇಕು.

ಅಲ್ಲಿಯವರೆಗೆ, ಎಚ್‌ಆರ್ ಕೋಣೆಗೆ ಕರೆ ಬಂದವರು ಆ ದಿನವೇ ಸಹಿ ಹಾಕಬೇಕಾಗಿಲ್ಲ. ಯೋಚಿಸಲು ಸಮಯ ಬೇಕೆಂದು ಇಮೇಲ್‌ನಲ್ಲಿ ಬರೆದು ತಿಳಿಸಿ, ಅದರ ಪ್ರತಿಯನ್ನು ಸ್ವಂತ ಖಾತೆಗೆ ಕಳಿಸಿಕೊಳ್ಳಿ. ನೇಮಕ ಪತ್ರ, ಸಂಬಳದ ಚೀಟಿಗಳು, ಹಿಂದಿನ ವರ್ಷಗಳ ಅಪ್ರೈಸಲ್ ಪತ್ರಗಳನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟಿದ್ದರೆ ಇವತ್ತು ರಾತ್ರಿಯೇ ಅವುಗಳ ಮುದ್ರಿತ ಪ್ರತಿ ಮಾಡಿಟ್ಟುಕೊಳ್ಳಿ. ವಜಾ ಆದವರು ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ ಮೊದಲು ಮೂರು ವರ್ಷಗಳ ಅವಕಾಶವಿತ್ತು, ಹೊಸ ಸಂಹಿತೆ ಅದನ್ನು ಎರಡು ವರ್ಷಕ್ಕೆ ಇಳಿಸಿದೆ.